ಮಗಳು ನಾಲ್ಕನೇ ವರ್ಷ ಆನರ್ಸ್ ಓದಲೋ, ಟಿಸಿ ತೆಗೆದುಕೊಂಡು ಹೊರಡಲೋ?

ಅಘನಾಶಿನಿ_ದಡ (ಕುಮಟಾ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಾಸ್ತರು, ಮೇಡಮ್ಮುಗಳು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಗಳು ಬಿ.ಎಸ್ಸಿ. ಆರನೇ ಸೆಮಿಸ್ಟರ್. ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. 2023ರಲ್ಲಿ ಸೇರಿದವಳು, ಅಂದರೆ ಎನ್‌ಇಪಿಯ ಕೊನೆಯ ಬ್ಯಾಚು (ಎನ್‌ಇಪಿ ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ). ಸೇರುವಾಗ ಕಾಲೇಜಿನಲ್ಲಿ ಹೇಳಿದ್ದು ಹೀಗೆ: ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸು. ಲೋಕಲ್ ಬಸ್ಸಿನ ಹಾಗೆ, ಎಲ್ಲಿ ಬೇಕಾದರೂ ಇಳಿಯಬಹುದು ಅಂದಿದ್ದರು. ಈಗ ನೋಡಿದರೆ ಇದೇ ಲಾಸ್ಟ್ ಬಸ್ಸು. ಇವಳ ನಂತರ ಸೇರಿದವರಿಗೆಲ್ಲ ಮೂರೇ ವರ್ಷ.

ಅವಳ ಕ್ಲಾಸಿನಲ್ಲಿ ನಾಲ್ಕನೇ ವರ್ಷಕ್ಕೆ ಕೈ ಎತ್ತಿದ್ದು ಇಬ್ಬರು. ಇಬ್ಬರಿಗೋಸ್ಕರ ಕ್ಲಾಸು ನಡೆಸುತ್ತಾರಾ ಅಂದರೆ ಯಾರೂ ಬಾಯಿ ಬಿಡುತ್ತಿಲ್ಲ. ನಮ್ಮನೆಯವರು "ಮೂರಕ್ಕೆ ಮುಗಿಸಿ ಎಂ.ಎಸ್ಸಿ.ಗೆ ಹಾಕು" ಅನ್ನುತ್ತಾರೆ. ಮಾವ "ಬಿ.ಎಡ್. ಮಾಡಿಸಿದರೆ ಊರಲ್ಲೇ ಇರುತ್ತಾಳೆ" ಅನ್ನುತ್ತಾರೆ. ಮಗಳಿಗೆ ಹೊಳೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಮೇಲೆ ಪ್ರಾಜೆಕ್ಟ್ ಮಾಡುವ ಹುಚ್ಚು. ಆನರ್ಸ್ ಆದರೆ ಅದನ್ನು ಮಾಡಬಹುದು ಅಂತ ಯಾರೋ ಹೇಳಿದ್ದಾರೆ.

ಜೊತೆಗೆ ಇನ್ನೊಂದು ಅನುಮಾನ. ಮೂರು ವರ್ಷದಲ್ಲಿ ಓಪನ್ ಇಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಯೋಗ, ಸಂವಿಧಾನ ಅಂತ ಏನೇನೋ ಓದಿದಳು. ಅದರಿಂದ ಯಾರಿಗಾದರೂ ಏನಾದರೂ ಆಯಿತಾ?

ಘಟ್ಟದ_ಮೇಲಿನವ (ಶಿರಸಿ)

ಟಿಸಿ ತೆಗೆದುಕೊಳ್ಳಿ ಅಕ್ಕ. ಇಬ್ಬರಿಗೋಸ್ಕರ ಲ್ಯಾಬಿನ ಬೀಗ ತೆಗೆಯುವವರೂ ಸಿಗುವುದಿಲ್ಲ.

ಬಿಕಾಂ_ಭಟ್ಟ

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಇಲ್ಲ. ನನಗೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅಂತ ಒಂದು ಪೇಪರ್ ಇತ್ತು. ಕಾಲೇಜಿನಲ್ಲಿ ನೆಟ್ ಬರುತ್ತಿದ್ದದ್ದು ಆಫೀಸಿನ ಒಂದೇ ಕಂಪ್ಯೂಟರಿಗೆ. ಸರ್ ಬೋರ್ಡಿನ ಮೇಲೆ ಒಂದು ಚೌಕ ಬರೆದು "ಇದು ಯಂತ್ರ" ಅಂದರು, ಪಕ್ಕದಲ್ಲಿ ಇನ್ನೊಂದು ಚೌಕ ಬರೆದು "ಇದು ಬುದ್ಧಿ" ಅಂದರು. ನಡುವೆ ಒಂದು ಬಾಣ. ಅಷ್ಟೇ. ನೂರಕ್ಕೆ ಎಂಬತ್ತೆರಡು ಬಂತು.

ಕಾಳಿ_ಸೇತುವೆ (ಕಾರವಾರ)

@ಬಿಕಾಂ_ಭಟ್ಟ ಆ ಬಾಣಕ್ಕೇ ಎಂಬತ್ತೆರಡು ಕೊಟ್ಟಿರಬೇಕು 😂

ಅತಿಥಿ_ದೇವೋಭವ

ನಗಬೇಡಿ ಮಾರಾಯ್ರೆ, ಆ ಬಾಣ ಬರೆದವರ ಪೈಕಿ ನಾನೂ ಒಬ್ಬ. ಅತಿಥಿ ಉಪನ್ಯಾಸಕ. ನನ್ನ ವಿಷಯ ಇತಿಹಾಸ.

ಓಪನ್ ಇಲೆಕ್ಟಿವ್ ಹೇಗೆ ನಡೆಯಿತು ಅಂತ ಹೊರಗಿನವರಿಗೆ ಗೊತ್ತಿಲ್ಲ. ಪುಸ್ತಕದ ಪ್ರಕಾರ ಮೊದಲ ನಾಲ್ಕು ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ತನ್ನ ವಿಭಾಗದ ಹೊರಗಿನ ಒಂದು ವಿಷಯ ಆರಿಸಿಕೊಳ್ಳಬೇಕು, ಮೂರು ಕ್ರೆಡಿಟ್. ಸೈನ್ಸಿನವ ಸಾಹಿತ್ಯ ಓದಲಿ, ಕಾಮರ್ಸಿನವಳು ಗಿಡಮರ ತಿಳಿದುಕೊಳ್ಳಲಿ ಅನ್ನುವ ಆಸೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಆರಿಸಿಕೊಂಡಿದ್ದು ವಿದ್ಯಾರ್ಥಿಯಲ್ಲ, ಟೈಮ್‌ಟೇಬಲ್ಲು. ಶನಿವಾರ ಕೊನೆಯ ಪಿರಿಯಡ್ ಯಾರು ಖಾಲಿ ಇದ್ದಾರೆ? ಇತಿಹಾಸದವ. ಹಾಗಾದರೆ ಇಡೀ ಬಿ.ಎಸ್ಸಿ. ಕ್ಲಾಸಿಗೆ ಇತಿಹಾಸ. ಒಂದು ಸಲ ನೂರಹತ್ತು ಮಕ್ಕಳು, ಎಪ್ಪತ್ತು ಕುರ್ಚಿ. ಉಳಿದವರು ಕಿಟಕಿ ಕಟ್ಟೆಯ ಮೇಲೆ ಕೂತು ಕೇಳಿದರು.

ಆದರೂ ಒಂದು ಮಾತು ಹೇಳಲೇಬೇಕು. ಉಪ್ಪಿನ ಸತ್ಯಾಗ್ರಹದ ಪಾಠ ಬಂದಾಗ ಸಿಲೆಬಸ್ಸಿನಲ್ಲಿ ದಂಡಿ ಮಾತ್ರ ಇತ್ತು. ನಾನು ಅಂಕೋಲಾ ಹೇಳಿದೆ. 1930ರಲ್ಲಿ ಅಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದದ್ದು, ಆಮೇಲೆ ಕರನಿರಾಕರಣೆ, ಜಮೀನು ಜಪ್ತಿ. ಕಿಟಕಿ ಕಟ್ಟೆಯ ಮೇಲಿದ್ದ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮಜ್ಜನ ಮನೆ ಜಮೀನು ಆಗ ಹೋಗಿತ್ತಂತೆ, ಅದು ಇದೇನಾ?" ಅಂದ. ಫಿಸಿಕ್ಸ್ ಹುಡುಗ. ಮರುವಾರ ಅಜ್ಜನ ಮನೆಯಿಂದ ಹಳೇ ಕಾಗದ ತಂದ. ಅಂಥ ಕ್ಲಾಸು ನಾನು ಬಿ.ಎ. ಮಕ್ಕಳಿಗೂ ಮಾಡಿಲ್ಲ.

ಸಾಣಿಕಟ್ಟಾ_ಹುಡುಗಿ

ಸರ್, ಇದನ್ನು ಓದಿ ಮೈ ಜುಮ್ ಅಂತು. ನಮ್ಮೂರಲ್ಲಿ ಈಗಲೂ ಉಪ್ಪಿನ ಆಗರ ಇದೆ, ಆದರೆ ನನ್ನ ಡಿಗ್ರಿಯ ಮೂರು ವರ್ಷದಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ನನಗೆ ಓಪನ್ ಇಲೆಕ್ಟಿವ್ ಅಂತ ಸಿಕ್ಕಿದ್ದು ಬ್ಯಾಂಕ್ ಚಲನ್ ತುಂಬುವುದು ಹೇಗೆ ಅಂತ.

ಬಿಕಾಂ_ಭಟ್ಟ

ಚಲನ್ ತುಂಬಲು ಬರುತ್ತದಲ್ಲ, ಅದೂ ಜನರಲ್ ಎಜುಕೇಶನ್ನೇ 😄

ಹಳೇ_ಚಾಕ್‌ಪೀಸು (ನಿವೃತ್ತ, ಹೊನ್ನಾವರ)

ಸ್ವಲ್ಪ ಹಿಂದಿನದು ಹೇಳುತ್ತೇನೆ, ಬೇಸರ ಬಂದವರು ದಾಟಿ ಹೋಗಿ.

ಆನರ್ಸ್ ಎನ್ನುವುದು 2021ರಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆನರ್ಸ್ ಕ್ಲಾಸು ಅಂದರೆ ದೊಡ್ಡ ಹೆಸರು. ಕೆಲವೇ ಮಕ್ಕಳು, ಒಂದೇ ವಿಷಯ, ಆಳವಾಗಿ. ಎಲ್ಲವನ್ನೂ ಸ್ವಲ್ಪ ಓದುವ ಪಾಸ್ ಡಿಗ್ರಿ ಬೇರೆ, ಒಂದನ್ನೇ ಪೂರ್ತಿ ಓದುವ ಆನರ್ಸ್ ಬೇರೆ. ಇನ್ನು ಸಾಮಾನ್ಯ ಶಿಕ್ಷಣದ ಮಾತು. ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಆಯೋಗ 1948-49ರಲ್ಲೇ ಹೇಳಿತ್ತು, ಡಿಗ್ರಿ ಓದುವ ಎಲ್ಲರಿಗೂ ವಿಜ್ಞಾನ, ಸಮಾಜ, ಸಾಹಿತ್ಯ ಮೂರರ ಪರಿಚಯ ಇರಬೇಕು ಅಂತ. ನಮ್ಮ ಕಾಲೇಜುಗಳೆಲ್ಲ ಸೇರಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ಹೊತ್ತಿಗೆ, 1949ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆಳ ಬೇಕಾ, ಅಗಲ ಬೇಕಾ ಅನ್ನುವ ಜಗಳ ನಡೆದೇ ಇದೆ.

2021ರಲ್ಲಿ ಮಾಡಿದ ಎಡವಟ್ಟು ಏನೆಂದರೆ ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿದ್ದು. ಮೊದಲ ಎರಡು ವರ್ಷ ಅಗಲ, ಕೊನೆಯ ಎರಡು ವರ್ಷ ಆಳ. ಅಗಲದ ಎರಡು ವರ್ಷ ಮುಗಿಯುವಷ್ಟರಲ್ಲಿ ಸರ್ಕಾರ ಬದಲಾಯಿತು, ಆಳದ ಭಾಗ ಮುಗಿಯುವ ಮೊದಲೇ ಗೋಣಿಯ ಬಾಯಿ ಕಟ್ಟಿದರು.

ಘಟ್ಟದ_ಮೇಲಿನವ

ಮಾಸ್ತರ್ರೆ, ರಾಜಕೀಯ ಬೇಡ.

ಹಳೇ_ಚಾಕ್‌ಪೀಸು

ತಮ್ಮಾ, ನಡೆದದ್ದನ್ನು ಹೇಳಿದರೆ ರಾಜಕೀಯವಾ? 2021ರ ಆಗಸ್ಟಿನಲ್ಲಿ ಆದೇಶ ಹೊರಡಿಸಿ ದೇಶದಲ್ಲೇ ಮೊದಲು ಎನ್‌ಇಪಿ ತಂದವರು ನಾವು. 2024ರ ಮೇ ತಿಂಗಳಲ್ಲಿ ರಾಜ್ಯ ಶಿಕ್ಷಣ ನೀತಿಗೆ ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟವರೂ ನಾವೇ. ತರುವಾಗ ಅವಸರ, ಬಿಡುವಾಗಲೂ ಅವಸರ. ಇದರಲ್ಲಿ ನಾನು ಯಾವ ಪಕ್ಷದ ಬಾವುಟ ಹಿಡಿದೆ ಹೇಳು.

ಕಾಳಿ_ಸೇತುವೆ

ದಿಲ್ಲಿಯಲ್ಲೂ ಹೀಗೇ ಆಗಿತ್ತಲ್ಲ. ದಿಲ್ಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದಿತು, ಎಲ್ಲರಿಗೂ ಹನ್ನೊಂದು ಫೌಂಡೇಶನ್ ಪೇಪರ್. ಮ್ಯಾಥ್ಸ್ ಆನರ್ಸಿನವರಿಗೂ ಹೈಸ್ಕೂಲ್ ಮಟ್ಟದ ಗಣಿತದ ಪೇಪರ್ ಅಂತ ಗಲಾಟೆ. ಮುಂದಿನ ವರ್ಷವೇ ವಾಪಸ್. ಮತ್ತೆ 2022ರಲ್ಲಿ ಅದೇ ನಾಲ್ಕು ವರ್ಷ ಬಂತು. ಅಲ್ಲಿ ಬಂತು ಹೋಯಿತು ಬಂತು. ನಮ್ಮಲ್ಲಿ ಬಂತು ಹೋಯಿತು. ಮುಂದಿನದು ನೀವೇ ಊಹಿಸಿ.

ಕೋಡಿಬಾಗ_ಗಾಳಿ

ಅಕ್ಕ, ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ನಾನು ಕಾರವಾರದ ಪಿ.ಜಿ. ಸೆಂಟರಿನಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಬಳಚಿನ ಹುಚ್ಚು ಇದ್ದವರಿಗೆ ಅದಕ್ಕಿಂತ ಹತ್ತಿರದ ಜಾಗ ಇಲ್ಲ. ಕ್ಲಾಸಿನಿಂದ ಹೊರಗೆ ಬಂದರೆ ಕಾಳಿ ಹೊಳೆ ಕಡಲಿಗೆ ಸೇರುವ ಜಾಗ.

ವರ್ಷದ ಲೆಕ್ಕ ಸುಲಭ. ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂ.ಎಸ್ಸಿ., ಒಟ್ಟು ಐದು. ನಾಲ್ಕು ವರ್ಷ ಆನರ್ಸ್, ಒಂದು ವರ್ಷದ ಎಂ.ಎಸ್ಸಿ., ಅದೂ ಐದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ನಾಲ್ಕು ವರ್ಷದವರಿಗೆ ಒಂದು ವರ್ಷದ ಪಿ.ಜಿ. ಇಡಲು ಅವಕಾಶ ಇದೆ. ಆದರೆ ಅವಕಾಶ ಇದೆ ಅಂದ ಮಾತ್ರಕ್ಕೆ ನೀವು ಹೋಗುವ ಕಡೆ ಅದು ಶುರುವಾಗಿದೆ ಅಂತ ಅಲ್ಲ. ಅಲ್ಲಿ ಒಂದು ವರ್ಷದ ಕೋರ್ಸ್ ಇಲ್ಲದಿದ್ದರೆ ನಾಲ್ಕು ಮತ್ತು ಎರಡು, ಆರು ವರ್ಷ ಆಗುತ್ತದೆ. ಸೀಟಿಗೆ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಅಘನಾಶಿನಿ_ದಡ

ತಂಗಿ, ಬಹಳ ಉಪಕಾರ. ಆರು ವರ್ಷದ ಲೆಕ್ಕ ನನ್ನ ತಲೆಗೇ ಬಂದಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿದೆ, ನಮ್ಮನೆಯವರು "ನೋಡು, ನಾನು ಹೇಳಿರಲಿಲ್ವಾ" ಅಂತ ಟೀ ಕುಡಿಯುತ್ತಾ ಕೂತಿದ್ದಾರೆ.

ಅಟ್ಲಾಂಟಾ_ಹೆಗಡೆ

ಊರು ಸಿದ್ದಾಪುರ, ಈಗ ಅಮೆರಿಕದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಆನರ್ಸ್ ಅಂದರೆ ಒಂದು ವರ್ಷ ಜಾಸ್ತಿ ಓದುವುದು ಅಂತ ಅಲ್ಲ. ಅದೇ ನಾಲ್ಕು ವರ್ಷದೊಳಗೆ ಸಣ್ಣ ಕ್ಲಾಸು, ಗಟ್ಟಿ ಓದು, ಕೊನೆಗೊಂದು ಪ್ರಬಂಧ. ಸ್ವಾರ್ತ್‌ಮೋರ್ ಎನ್ನುವ ಸಣ್ಣ ಕಾಲೇಜಿನಲ್ಲಿ ಫ್ರಾಂಕ್ ಏಡಲಾಟ್ ಎನ್ನುವವರು 1922ರಲ್ಲಿ ಇದನ್ನು ಶುರು ಮಾಡಿದರು. ಅಲ್ಲಿ ಪಾಠ ಮಾಡಿದವರು ಪರೀಕ್ಷೆ ಮಾಡುವುದಿಲ್ಲ. ಹೊರಗಿನಿಂದ ಪರೀಕ್ಷಕರು ಬಂದು ಮಕ್ಕಳನ್ನು ಕೂರಿಸಿಕೊಂಡು ಬಾಯಿಪರೀಕ್ಷೆ ಮಾಡುತ್ತಾರೆ. ಹಾಗಾಗಿ ಮಾಸ್ತರು ಮತ್ತು ವಿದ್ಯಾರ್ಥಿ ಒಂದೇ ಕಡೆ, ಪರೀಕ್ಷಕ ಎದುರು ಕಡೆ.

ಜನರಲ್ ಎಜುಕೇಶನ್ ಕೂಡ ಸುಮ್ನೆ ಬಂದದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಇಲ್ಲಿಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲ್ಲ ಹುಡುಗರೂ ಒಟ್ಟಿಗೆ ಕೂತು ಓದುವ ಕ್ಲಾಸು ಶುರುವಾಯಿತು. ಎರಡನೇ ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಹಾರ್ವರ್ಡ್ ಇದರ ಮೇಲೆ ದೊಡ್ಡ ವರದಿಯನ್ನೇ ತಂದಿತು. ಡಾಕ್ಟರ್, ಇಂಜಿನಿಯರ್ ಯಾರೇ ಆಗಲಿ, ಒಟ್ಟಿಗೆ ಬದುಕಲು ಒಂದಷ್ಟು ಸಮಾನ ತಿಳಿವಳಿಕೆ ಬೇಕು ಎನ್ನುವುದು ಅದರ ಹುರುಳು.

ಘಟ್ಟದ_ಮೇಲಿನವ

ಹೆಗಡೇರೆ, ಅಲ್ಲಿ ಹತ್ತು ಮಕ್ಕಳಿಗೆ ಒಬ್ಬ ಮಾಸ್ತರು. ಇಲ್ಲಿ ಒಬ್ಬ ಅತಿಥಿ ಉಪನ್ಯಾಸಕರಿಗೆ ಮೂರು ಕಾಲೇಜು, ಎರಡು ಬಸ್ಸು. ಹೋಲಿಕೆ ಯಾಕೆ?

ಅಟ್ಲಾಂಟಾ_ಹೆಗಡೆ

ಹೋಲಿಕೆ ಅಲ್ಲ ಮಾರಾಯ. ಇಬ್ಬರೇ ಮಕ್ಕಳು ಅಂತ ಎಲ್ಲರೂ ಹೆದರಿಸುತ್ತಿದ್ದೀರಲ್ಲ, ಅದಕ್ಕೆ ಹೇಳಿದೆ. ಆನರ್ಸಿಗೆ ಇಬ್ಬರೇ ಇರುವುದು ಕೊರತೆ ಅಲ್ಲ. ಇಲ್ಲಿ ಅದಕ್ಕೋಸ್ಕರ ದುಡ್ಡು ಸುರಿಯುತ್ತಾರೆ.

ಅತಿಥಿ_ದೇವೋಭವ

ಮಾತು ಸರಿ. ಆದರೆ ಇಬ್ಬರು ಮಕ್ಕಳ ಕ್ಲಾಸನ್ನು ಮ್ಯಾನೇಜ್‌ಮೆಂಟ್ ನೋಡುವುದು ಫೀಸಿನ ಕಣ್ಣಲ್ಲಿ. ನನ್ನ ಪಿರಿಯಡ್ ಲೆಕ್ಕವೂ ಅಷ್ಟೇ. ವರ್ಕ್‌ಲೋಡ್ ಇದ್ದರೆ ಸಂಬಳ, ಇಲ್ಲದಿದ್ದರೆ ಮನೆ. ಎನ್‌ಇಪಿ ಬಂದಾಗ ಓಪನ್ ಇಲೆಕ್ಟಿವಿನಿಂದ ನನಗೆ ಪಿರಿಯಡ್ ಹೆಚ್ಚಾಯಿತು. ಈಗ ಹಳೇ ಮೂರು ವಿಷಯದ ಕಾಂಬಿನೇಶನ್ ವಾಪಸ್ ಬಂತು, ಲೆಕ್ಕ ಮತ್ತೆ ಬೇರೆ. ಪಾಲಿಸಿ ಬದಲಾದರೆ ನಿಮಗೆ ಸಿಲೆಬಸ್ ಬದಲಾಗುತ್ತದೆ, ನಮಗೆ ರೇಷನ್ ಬದಲಾಗುತ್ತದೆ.

ಸಾಣಿಕಟ್ಟಾ_ಹುಡುಗಿ

🙏

ಕೆಮಿಸ್ಟ್ರಿ_ಮೇಡಂ (ಅಂಕೋಲಾ)

ಮೂರು ವಿಷಯ ವಾಪಸ್ ಬಂದದ್ದು ನನ್ನ ಮಟ್ಟಿಗೆ ಒಳ್ಳೆಯದೇ. ಎನ್‌ಇಪಿಯಲ್ಲಿ ಎರಡೇ ವಿಷಯ. ರಸಾಯನಶಾಸ್ತ್ರ ಓದುವ ಮಕ್ಕಳಿಗೆ ಗಣಿತ ತಪ್ಪಿತು, ಭೌತಶಾಸ್ತ್ರ ತಪ್ಪಿತು. ಆ ಜಾಗದಲ್ಲಿ ಹತ್ತು ಸಣ್ಣ ಸಣ್ಣ ಪೇಪರ್. ಎಂ.ಎಸ್ಸಿ.ಗೆ ಹೋದಾಗ ಕ್ಯಾಲ್ಕುಲಸ್ ನೋಡಿ ಕಣ್ಣು ಬಿಡುತ್ತಾರೆ. ಅಗಲ ಅಂತ ಹೇಳಿ ಬುಡವನ್ನೇ ಸಡಿಲ ಮಾಡಿದೆವು.

@ಅಘನಾಶಿನಿ_ದಡ, ಮಗಳ ಮಾರ್ಕ್ಸ್ ಎಷ್ಟು? ಯುಜಿಸಿ 2022ರ ಡಿಸೆಂಬರಿನಲ್ಲಿ ತಂದ ಚೌಕಟ್ಟಿನಲ್ಲಿ ನಾಲ್ಕನೇ ವರ್ಷಕ್ಕೆ ಎರಡು ದಾರಿ. ಬರೀ ಆನರ್ಸ್ ಒಂದು, ಸಂಶೋಧನೆ ಜೊತೆಗಿನ ಆನರ್ಸ್ ಇನ್ನೊಂದು. ಎರಡನೆಯದಕ್ಕೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಬೇಕು, ಹನ್ನೆರಡು ಕ್ರೆಡಿಟ್ಟಿನ ಪ್ರಬಂಧ ಇರುತ್ತದೆ. ಬಳಚಿನ ಪ್ರಾಜೆಕ್ಟಿಗೆ ನಿಜವಾದ ಜಾಗ ಅದು. ಆದರೆ ಕಾಲೇಜಿನಲ್ಲಿ ಗೈಡ್ ಮಾಡಬಲ್ಲ ಕಾಯಂ ಅಧ್ಯಾಪಕರು ಇರಬೇಕು. ಮೊದಲು ಇದನ್ನು ಕೇಳಿ, ಉಳಿದದ್ದೆಲ್ಲ ಆಮೇಲೆ.

ಇನ್ನೊಂದು ಲಾಭವೂ ಇದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಇದ್ದವರು ಪಿ.ಜಿ. ಇಲ್ಲದೆಯೇ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬಹುದು, ಪಿಎಚ್.ಡಿ.ಗೆ ಹೋಗಬಹುದು. ಪರೀಕ್ಷೆಗೆ 2024ರಿಂದ ಆ ಅವಕಾಶ ಇದೆ.

ಅಘನಾಶಿನಿ_ದಡ

ಮೇಡಂ, ಐದು ಸೆಮಿಸ್ಟರಿಗೆ ಶೇ. 81. ಕೆಮಿಸ್ಟ್ರಿಯಲ್ಲೇ ಸ್ವಲ್ಪ ಕಡಿಮೆ, ಬೇಜಾರು ಮಾಡಿಕೊಳ್ಳಬೇಡಿ.

ಕೆಮಿಸ್ಟ್ರಿ_ಮೇಡಂ

ಎಲ್ಲರಿಗೂ ಅಲ್ಲೇ ಕಡಿಮೆ. ನನಗೂ ಹಾಗೇ ಇತ್ತು.

ಕಾಳಿ_ಸೇತುವೆ

ಇದಕ್ಕೆಲ್ಲ ಒಂದೇ ಮದ್ದು, ಉತ್ತರ ಕನ್ನಡಕ್ಕೆ ಸ್ವಂತ ವಿಶ್ವವಿದ್ಯಾಲಯ. ಒಂದು ಸಹಿಗೆ ಅರಬೈಲ್ ಘಾಟ್ ಹತ್ತಿ ಧಾರವಾಡಕ್ಕೆ ಹೋಗಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಹಿಯೂ ಇಲ್ಲ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಏನಾಯಿತು ನೆನಪಿದೆಯಲ್ಲ, ಹೆದ್ದಾರಿಯೇ ಬಂದ್. ಕಾರವಾರದಲ್ಲಿ ವಿವಿ ಆಗಲಿ.

ಘಟ್ಟದ_ಮೇಲಿನವ

ಕಾರವಾರ ಯಾಕೆ? ಶಿರಸಿ ನಡುವೆ ಇದೆ. ಅರಣ್ಯ ಕಾಲೇಜು ಆಗಲೇ ಇಲ್ಲಿದೆ.

ಕಾಳಿ_ಸೇತುವೆ

ಯಾರ ನಡುವೆ? ಭಟ್ಕಳದವನಿಗೂ ನಡುವೆಯಾ?

ಘಟ್ಟದ_ಮೇಲಿನವ

ಜೋಯಿಡಾದವನಿಗೆ ಕಾರವಾರ ಪಕ್ಕವಾ?

ಬಿಕಾಂ_ಭಟ್ಟ

ಶುರುವಾಯ್ತು. ಇನ್ನು ಐದು ನಿಮಿಷದಲ್ಲಿ ಪ್ರತ್ಯೇಕ ಜಿಲ್ಲೆ, ಹತ್ತು ನಿಮಿಷದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ.

ಹಳೇ_ಚಾಕ್‌ಪೀಸು

ಸ್ವಂತ ವಿವಿ ಕೇಳುವ ಮೊದಲು ಪಕ್ಕದ ಹಾವೇರಿ ನೋಡಿ. ಧಾರವಾಡದಿಂದ ಬಿಡಿಸಿ ಹೊಸ ವಿವಿ ಕೊಟ್ಟರು. ಎರಡು ವರ್ಷ ಆಗುವಷ್ಟರಲ್ಲಿ, 2025ರಲ್ಲಿ, ಹೊಸ ಒಂಬತ್ತು ವಿವಿ ಮುಚ್ಚುವುದು ಒಳ್ಳೆಯದು ಅಂತ ಸಂಪುಟ ಉಪಸಮಿತಿ ಹೇಳಿತು. ಬೋರ್ಡು ಹಾಕಿದರೆ ವಿವಿ ಆಗುವುದಿಲ್ಲ. ಅಂಕೋಲೆಯಲ್ಲಿ ದಿನಕರ ದೇಸಾಯರು ಕೆನರಾ ವೆಲ್ಫೇರ್ ಟ್ರಸ್ಟಿನಿಂದ ಗೋಖಲೆ ಶತಾಬ್ದಿ ಕಾಲೇಜು ಕಟ್ಟಿದಾಗ ಇಲ್ಲಿ ಏನಿತ್ತು? ರೈತರ, ಮೀನುಗಾರರ ಮಕ್ಕಳು ಮನೆ ಊಟ ಮಾಡಿ ಕಾಲೇಜಿಗೆ ಹೋಗಲಿ ಅನ್ನುವ ಹಟ ಇತ್ತು. ನಾನೂ ಹಾಗೆ ಹೋದವನೇ, ಗಂಜಿ ಉಂಡು, ದೋಣಿ ದಾಟಿ.

ನಿರ್ವಾಹಕ

ಜಿಲ್ಲೆ, ಆಸ್ಪತ್ರೆಗೆ ಬೇರೆ ಎಳೆ ಇದೆ. ಶಿರಸಿ-ಕಾರವಾರ ಜಗಳದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ಇಬ್ಬರದೂ ಎರಡೆರಡು, ಸಮಪಾಲು.

ಗಜನಿ_ಗೌಡ (ಕುಮಟಾ ಹತ್ತಿರ)

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬರು ಮೇಡಂ ಮಕ್ಕಳನ್ನು ಕರೆದುಕೊಂಡು ನಮ್ಮ ಗದ್ದೆಗೆ ಬಂದಿದ್ದರು. ಬಿ.ಎ., ಬಿ.ಕಾಂ. ಎಲ್ಲ ಸೇರಿದ್ದ ಕ್ಲಾಸು, ಓಪನ್ ಏನೋ ಅಂದರು. ನಾವು ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಬೆಳೆಯುವವರು. ಉಪ್ಪುನೀರು ತಡೆಯುವ ಭತ್ತ ಅದು. ಮಳೆ ಬಂದು ಉಪ್ಪು ತೊಳೆದ ಮೇಲೆ ಬೀಜ ಬಿತ್ತಬೇಕು. ನೆರೆ ಬಂದು ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಕಟ್ಟೆ ಬಾಗಿಲು ತೆಗೆಯುವುದು ಯಾವಾಗ, ಮುಚ್ಚುವುದು ಯಾವಾಗ, ಕೊಯ್ಲು ಆದ ಮೇಲೆ ಮೀನು, ಸಿಗಡಿ ಹೇಗೆ ಅಂತ ನಾನು ತೋರಿಸಿದೆ. ಗೊಬ್ಬರ ಎಷ್ಟು ಹಾಕುತ್ತೀರಿ ಅಂತ ಒಬ್ಬ ಹುಡುಗ ಕೇಳಿದ. ಹಾಕುವುದೇ ಇಲ್ಲ ಅಂದೆ. ನಂಬಲಿಲ್ಲ. ಬಿ.ಕಾಂ. ಹುಡುಗಿಯೊಬ್ಬಳು ಅಲ್ಲೇ ಕೂತು ಲೆಕ್ಕ ಹಾಕಿದಳು. ಬೀಜ, ಆಳು, ಕಟ್ಟೆ ರಿಪೇರಿ ಎಲ್ಲ ಸೇರಿಸಿ, "ನಿಮಗೆ ಭತ್ತದಲ್ಲಿ ಲುಕ್ಸಾನು, ಸಿಗಡಿಯಲ್ಲಿ ಉಳಿಯುತ್ತಿರುವುದು" ಅಂದಳು. ಮೂವತ್ತು ವರ್ಷದಿಂದ ನನಗೆ ಅಂದಾಜು ಇತ್ತು, ಕಾಗದದ ಮೇಲೆ ನೋಡಿದ್ದು ಅವತ್ತೇ.

ಆ ಕ್ಲಾಸಿಗೆ ಏನು ಹೆಸರೋ ನನಗೆ ಗೊತ್ತಿಲ್ಲ. ಅಂಥದ್ದು ಇನ್ನೂ ನಡೆಯಲಿ.

ಅಟ್ಲಾಂಟಾ_ಹೆಗಡೆ

ಗೌಡ್ರೆ, ನಾನು ಅಷ್ಟುದ್ದ ಬರೆದದ್ದನ್ನು ನೀವು ಒಂದೇ ಗದ್ದೆಯಲ್ಲಿ ಮುಗಿಸಿದಿರಿ.

ಕೆಮಿಸ್ಟ್ರಿ_ಮೇಡಂ

ಆ ಮೇಡಂ ಯಾರೋ, ಅವರಿಗೆ ಆ ದಿನದ ಬಸ್ಸಿನ ಖರ್ಚು ಯಾರೂ ಕೊಟ್ಟಿರುವುದಿಲ್ಲ ಅಂತ ಬರೆದುಕೊಡುತ್ತೇನೆ.

ಗಜನಿ_ಗೌಡ

ಟೆಂಪೋ ನಂದೇ. ಡೀಸೆಲ್ ಅವರು ಹಾಕಿಸಿದರು.

ಘಟ್ಟದ_ಮೇಲಿನವ

ಸರಿ, ನಾನು ಮೊದಲು ಹೇಳಿದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಗೈಡ್ ಇದ್ದರೆ ಇರಿ, ಇಲ್ಲದಿದ್ದರೆ ಟಿಸಿ. ನನ್ನ ತಂಗಿಯ ಕಥೆ ಹೇಳಿಬಿಡುತ್ತೇನೆ. ಅವಳು ಮೊದಲ ಬ್ಯಾಚು, 2021. ನಾಲ್ಕನೇ ವರ್ಷಕ್ಕೆ ನಿಂತಳು. ಪ್ರಾಜೆಕ್ಟ್ ಅಂದರೆ ನೆಟ್ಟಿನಿಂದ ತೆಗೆದು ಬೈಂಡ್ ಮಾಡಿಸಿ ಕೊಡು ಅಂದರು. ಕೊಟ್ಟಳು. ಮಾರ್ಕ್ಸ್ ಕಾರ್ಡ್ ತಡವಾಗಿ ಬಂತು, ಒಂದು ಕಡೆ ಸೀಟು ತಪ್ಪಿತು. ಆ ಸಿಟ್ಟಿನಲ್ಲಿ ಮೊದಲ ಪ್ರತಿಕ್ರಿಯೆ ಹಾಗೆ ಬರೆದೆ.

ಕೋಡಿಬಾಗ_ಗಾಳಿ

ಅದನ್ನು ಮೊದಲೇ ಹೇಳಬಾರದಿತ್ತಾ ಅಣ್ಣ. ತಂಗಿ ಈಗ ಏನು ಮಾಡುತ್ತಿದ್ದಾಳೆ?

ಘಟ್ಟದ_ಮೇಲಿನವ

ಒಂದು ವರ್ಷ ಹಾಗೇ ಹೋಯಿತು. ಈಗ ಮತ್ತೆ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಿದ್ದಾಳೆ, ಎರಡು ವರ್ಷದ್ದಕ್ಕೆ. ನೀವು ಹೇಳಿದ ಆರು ವರ್ಷದ ಲೆಕ್ಕ ನಮ್ಮ ಮನೆಯಲ್ಲಿ ಏಳಾಗುತ್ತದೆ.

ಅಘನಾಶಿನಿ_ದಡ

ಎಲ್ಲರದ್ದನ್ನೂ ಮಗಳಿಗೆ ಓದಿ ಹೇಳಿದೆ. ನಿನ್ನೆ ಕಾಲೇಜಿಗೂ ಹೋಗಿ ಬಂದೆವು.

ಪ್ರಾಣಿಶಾಸ್ತ್ರದಲ್ಲಿ ಕಾಯಂ ಇರುವವರು ಒಬ್ಬರೇ, ಅವರೂ ಮುಂದಿನ ವರ್ಷ ನಿವೃತ್ತಿ. ಮನುಷ್ಯ ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. "ಇಲ್ಲಿ ನಿಂತರೆ ಪ್ರೀತಿಯಿಂದ ಹೇಳಿಕೊಡುತ್ತೇನೆ. ಆದರೆ ಲ್ಯಾಬಿಲ್ಲ, ಇನ್ನೊಬ್ಬರು ಗೈಡ್ ಇಲ್ಲ. ನನ್ನ ಮಗಳಾಗಿದ್ದರೆ ಕಾರವಾರಕ್ಕೆ ಕಳಿಸುತ್ತಿದ್ದೆ" ಅಂದರು. ಒಂದು ವರ್ಷದ ಎಂ.ಎಸ್ಸಿ. ಬಗ್ಗೆ ಕೇಳಿದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಅದಕ್ಕೆ ಕಾಯದೆ ಎರಡು ವರ್ಷದ್ದಕ್ಕೇ ಅರ್ಜಿ ಹಾಕುವುದು ಅಂತ ತೀರ್ಮಾನ ಮಾಡಿದ್ದೇವೆ.

ಮಗಳು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿ ಹಿಡಿದು ಇಳಿತದ ಹೊತ್ತಿಗೆ ಹೊಳೆಗೆ ಹೋಗಿದ್ದಳು, ಬಳಚು ಹೆಕ್ಕುವ ಹೆಂಗಸರ ಜೊತೆ. ಯಾವ ಜಾಗದಲ್ಲಿ ಎಷ್ಟು ಸಿಗುತ್ತದೆ ಅಂತ ಪಟ್ಟಿ ಬರೆಯುತ್ತಿದ್ದಾಳೆ. ಆ ಮಾಸ್ತರು ರಜೆಯಲ್ಲಿ ತಾನೇ ನೋಡಿ ತಿದ್ದಿಕೊಡುತ್ತೇನೆ ಅಂದಿದ್ದಾರಂತೆ. ಆನರ್ಸೂ ಇಲ್ಲ, ಕ್ರೆಡಿಟ್ಟೂ ಇಲ್ಲ.

ಕೋಡಿಬಾಗ_ಗಾಳಿ

ಅಕ್ಕ, ಆ ಪಟ್ಟಿ ಜೋಪಾನ ಮಾಡಲು ಹೇಳಿ. ತಾರೀಕು, ಹೊತ್ತು, ಏರಿತವಾ ಇಳಿತವಾ ಎಲ್ಲ ಬರೆಯಲಿ. ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂಥ ಲೆಕ್ಕಕ್ಕೆ ಬೆಲೆ ಇದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದೇ ಬುನಾದಿ ಆಗುತ್ತದೆ. ಹಾಸ್ಟೆಲ್ ವಿಷಯಕ್ಕೆ ನನಗೆ ಮೆಸೇಜ್ ಮಾಡಿ.

ಗಜನಿ_ಗೌಡ

ನಮ್ಮ ಕಟ್ಟೆಯ ಹೊರಗೆ ಮೊದಲು ಬಳಚು ಬಹಳ ಇತ್ತು, ಈಗ ಕಡಿಮೆ. ಕೂಸಿಗೆ ಬಂದು ನೋಡಲು ಹೇಳಿ. ಟೆಂಪೋ ಇದೆ.

ಬಿಕಾಂ_ಭಟ್ಟ

ಹೆಕ್ಕಿದ ಬಳಚನ್ನು ಎಣಿಸಿ ವಾಪಸ್ ಹೊಳೆಗೆ ಬಿಟ್ಟಳಾ, ಇಲ್ಲ ಸಾರು ಮಾಡಿದಿರಾ?

ಅಘನಾಶಿನಿ_ದಡ

ಸುಕ್ಕ ಮಾಡಿದೆ. ಎಣಿಸಿದ ಮೇಲೆ.